ಗೇಟಿನ ಒಳಗಿನ ಡ್ರೈವರ್

ಬೈಲಹೊಂಗಲ ದಾಟಿ ಸವದತ್ತಿ ರಸ್ತೆ ಹಿಡಿದರೆ, ಹತ್ತಿಯ ಹೊಲಗಳ ನಡುವೆ ಎಡಗಡೆ ನಂದಾದೀಪ ಬಡಾವಣೆ ಸಿಗುತ್ತದೆ. ಹಿಂದೆ ಅದೂ ಎರೆಹೊಲವೇ. ಈಗ ಅಲ್ಲಿ ಕೆಲವು ಅಡ್ಡರಸ್ತೆ, ನಡುವೆ ಹುಲ್ಲು ಹತ್ತದ ಒಂದು ಪಾರ್ಕು, ಸುತ್ತ ಕಾಂಪೌಂಡು. ಮುಂದೆ ಕಬ್ಬಿಣದ ಗೇಟಿಗೆ ಒಂದು ಬೋರ್ಡು ತೂಗಿಹಾಕಿದ್ದರು: "ಖಾಸಗಿ ರಸ್ತೆ. ಹೊರಗಿನ ವಾಹನಗಳಿಗೆ ಪ್ರವೇಶವಿಲ್ಲ." ಆದರೆ ಆ ಗೇಟು ಹಗಲೆಲ್ಲ ತೆರೆದೇ ಇರುತ್ತಿತ್ತು. ಹಿಂದಿನ ಕಾಂಪೌಂಡು ಒಂದು ಕಡೆ ಬಿದ್ದುಹೋಗಿತ್ತು. ಅದರಾಚೆ ಹೊಲದಲ್ಲಿ ಮನೆ ಮಾಡಿಕೊಂಡಿದ್ದವರು ಬಸ್ಸು ಹಿಡಿಯಲು ಬಡಾವಣೆಯ ಒಳಗಿಂದಲೇ ನಡೆದು ಬರುತ್ತಿದ್ದರು. ಹಾಲಿನವರು, ಕಾಯಿಪಲ್ಲೆಯವರು, ಸಾಲಿಗೆ ಹೋಗುವ ಮಕ್ಕಳು, ಯಾರೂ ಆ ಬೋರ್ಡು ಓದಿ ನಿಂತವರಲ್ಲ.

ಅಲ್ಲಿಯ ಕೊನೆಯ ಸಾಲಿನ ಒಂದು ಮನೆಯಲ್ಲಿ ಉಳವಪ್ಪ ಇರುತ್ತಾನೆ. ಸಿರಸಂಗಿಯ ರೈತರ ಮನೆಯವನು. ಅಣ್ಣಂದಿರು ಹೊಲದಲ್ಲಿ ಉಳಿದರು, ಇವನು ಸ್ಟೇರಿಂಗ್ ಹಿಡಿದ. ಮೊದಲು ಟ್ರ್ಯಾಕ್ಟರು, ಆಮೇಲೆ ಕಬ್ಬಿನ ಲಾರಿ, ಕಡೆಗೆ ಸರಕಾರಿ ಬಸ್ಸು. ಯಲ್ಲಮ್ಮನ ಗುಡ್ಡದ ರೂಟಿನಲ್ಲಿ ಅವನ ಬಸ್ಸೆಂದರೆ ಮುದುಕಿಯರು ಕಾದು ಹತ್ತುತ್ತಿದ್ದರು. ತಿರುವಿನಲ್ಲಿ ತಲೆಯ ಮೇಲಿನ ಬುಟ್ಟಿ ಅಲುಗದಂತೆ ಇಳಿಸುತ್ತಾನೆ ಎನ್ನುತ್ತಿದ್ದರು. ಖಾಕಿ ಅಂಗಿ ತೊಟ್ಟು, ಬೆಳಗಿನ ಮಂಜಿನಲ್ಲಿ ಉಗರಗೋಳದ ಕಡೆಯಿಂದ ಗುಡ್ಡ ಹತ್ತುವಾಗ ತಾನು ಏನೋ ಆಗಿದ್ದೇನೆ ಅಂತ ಅವನಿಗೆ ಅನಿಸುತ್ತಿತ್ತು. ಏನು ಅಂತ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಒಂದು ಹುಣ್ಣಿಮೆಯ ಮರುದಿನ, ಗುಡ್ಡದಿಂದ ಜನರನ್ನು ತುಂಬಿಕೊಂಡು ಬಂದು ಸವದತ್ತಿ ಬಸ್ ನಿಲ್ದಾಣದಲ್ಲಿ ಗಾಡಿ ನಿಲ್ಲಿಸಿ ಇಳಿಯುತ್ತಿದ್ದ. ಒಂದು ಕಾಲು ನೆಲ ಮುಟ್ಟಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಸುತ್ತ ಜನ ನಿಂತಿದ್ದರು, ಕೈಯಲ್ಲಿ ಯಾರೋ ಕೀಲಿಕೈಗೊಂಚಲು ತುರುಕಿದ್ದರು, ಬಾಯಿಂದ ನೊರೆ ಇಳಿದು ಖಾಕಿ ಅಂಗಿ ಒದ್ದೆಯಾಗಿತ್ತು. ಧಾರವಾಡದ ಡಾಕ್ಟರು ತಲೆಗೆ ವಾಯರು ಹಚ್ಚಿ ನೋಡಿ, ಮೂರ್ಛೆ ರೋಗ, ಗುಳಿಗೆ ಬಿಡಬಾರದು, ಗಾಡಿ ನಡೆಸಬಾರದು ಎಂದರು. ಡಿಪೋದವರು ಅವನನ್ನು ಕೆಲಸದಿಂದ ಬಿಡಿಸಲಿಲ್ಲ, ಟೈರ್ ವಿಭಾಗದಲ್ಲಿ ಹಗುರ ಕೆಲಸ ಕೊಟ್ಟರು. ಲೈಸೆನ್ಸಿನ ಅವಧಿ ಮುಗಿದಾಗ ಅವನು ಅದನ್ನು ಮುಂದುವರಿಸಲು ಹೋಗಲಿಲ್ಲ. ಹೋಗಿದ್ದರೂ ಕೊಡುತ್ತಿರಲಿಲ್ಲ.

ಹೆಂಡತಿ ಶೈಲಶ್ರೀ ಸಾಲಿಯ ಟೀಚರು. ಜಗಳವಾಗಲಿಲ್ಲ. ಒಂದು ರಾತ್ರಿ ನಿದ್ದೆಯಲ್ಲಿ ಅವನಿಗೆ ಮೈ ಸೆಟೆದದ್ದನ್ನು ಅವಳು ಒಬ್ಬಳೇ ನೋಡಿದಳು. ಅಂದಿನಿಂದ ದೀಪ ಆರಿಸಲು ಬಿಡಲಿಲ್ಲ, ತಾನೂ ಮಲಗಲಿಲ್ಲ. ಆ ರೋಗದ ಹೆಸರನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಮುಂದಿನ ವರ್ಷ ಅವಳಿಗೆ ರಾಮದುರ್ಗಕ್ಕೆ ವರ್ಗವಾಯಿತು. ತಾನಾಗಿ ಕೇಳಿ ಹಾಕಿಸಿಕೊಂಡದ್ದು ಅಂತ ಉಳವಪ್ಪನಿಗೆ ಗೊತ್ತು. ಮೊದಮೊದಲು ಎರಡನೇ ಶನಿವಾರ ಬರುತ್ತಿದ್ದಳು. ಆಮೇಲೆ ಹಬ್ಬಕ್ಕೆ. ಆಮೇಲೆ ಹಬ್ಬಕ್ಕೆ ಫೋನು ಬರತೊಡಗಿತು. ಇಬ್ಬರೂ ಇರಲೆಂದು ಕಟ್ಟಿಸಿದ ನಂದಾದೀಪದ ಮನೆಯಲ್ಲಿ ಅವನು ಒಬ್ಬನೇ ಅನ್ನ ಬೇಯಿಸಿಕೊಂಡು, ಒಂದೇ ತಾಟು ತೊಳೆದಿಟ್ಟು ಡಿಪೋಗೆ ಹೋಗುತ್ತಿದ್ದ.

ಬಡಾವಣೆಯ ಯಾರಿಗೂ ಇದು ಗೊತ್ತಿರಲಿಲ್ಲ. "ಡ್ಯೂಟಿ ಬದಲಾಗೇತ್ರಿ," ಎಂದಷ್ಟೇ ಹೇಳಿದ್ದ.

ಹೀಗಿರುವಾಗ ಅವನೊಂದು ಹಳೆಯ ಓಮ್ನಿ ವ್ಯಾನು ಕೊಂಡ. ಮಾರಿದವನೇ ಅದನ್ನು ಮನೆಯ ಮುಂದೆ ತಂದು ನಿಲ್ಲಿಸಿ ಹೋದ. ಉಳವಪ್ಪನ ಲೆಕ್ಕ ಸರಳ. ಹೊರಗಿನ ರಸ್ತೆ ಸರಕಾರದ್ದು, ಅಲ್ಲಿ ಕಾನೂನಿದೆ, ಲೈಸೆನ್ಸ್ ಬೇಕು. ಗೇಟಿನ ಒಳಗಿನ ರಸ್ತೆ ಖಾಸಗಿ, ಬೋರ್ಡೇ ಹೇಳುತ್ತದೆ. ಅಲ್ಲಿ ಯಾರು ಕೇಳಬೇಕು? ದಿನಾ ಬೆಳಿಗ್ಗೆ ಗುಳಿಗೆ ನುಂಗಿ, ವ್ಯಾನು ಹೊರತೆಗೆದು, ಎಲ್ಲ ಅಡ್ಡರಸ್ತೆಗಳನ್ನೂ ಸುತ್ತಿ, ಪಾರ್ಕು ಬಳಸಿ ಗೇಟಿನವರೆಗೆ ಹೋಗುವುದು, ಅಲ್ಲಿ ತಿರುಗಿಸಿಕೊಂಡು ಬರುವುದು. ತಿರುವಿನಲ್ಲಿ ಹಾರ್ನ್, ಎದುರಿಗೆ ಯಾರೂ ಇರದಿದ್ದರೂ ಇಂಡಿಕೇಟರು. ಸಾಲಿಗೆ ಹೊರಟ ಬಡಾವಣೆಯ ಹುಡುಗರು ಸಿಕ್ಕರೆ ಗೇಟಿನವರೆಗೆ ಕೂರಿಸಿಕೊಳ್ಳುತ್ತಿದ್ದ. ಪೆಟ್ರೋಲನ್ನು ಕ್ಯಾನಿನಲ್ಲಿ ತಂದು ಸುರಿಯುತ್ತಿದ್ದ. ವ್ಯಾನು ಎಂದೂ ಗೇಟು ದಾಟಲಿಲ್ಲ.

ಇದನ್ನು ಗಮನಿಸಿದವರು ಒಬ್ಬರೇ, ನೀಲಕಂಠರಾಯರು. ಅವರ ಹಿರಿಯರು ದೇಗಾಂವದ ಕಡೆ ಪೂಜೆ ಪುರಾಣ ಮಾಡಿಕೊಂಡಿದ್ದವರು, ಇವರು ಊರಲ್ಲಿ ಔಷಧದ ಅಂಗಡಿ ಇಟ್ಟಿದ್ದರು. ಬಡಾವಣೆಯ ಸಂಘಕ್ಕೆ ಅಧ್ಯಕ್ಷರೂ ಅವರೇ. ಉಳವಪ್ಪನನ್ನು ಕರೆದು ಚಹಾ ಕೊಡುತ್ತಿದ್ದ ಮನೆ ಇಡೀ ಬಡಾವಣೆಯಲ್ಲಿ ಅದೊಂದೇ. ರಾಯರ ತಾಯಿ ಲೀಲಾಬಾಯಿಯವರಿಗೆ ಮೊಣಕಾಲು ನೋವು. ಗೇಟಿನ ಹತ್ತಿರದ ಹನುಮಪ್ಪನ ಗುಡಿಗೆ ಶನಿವಾರ ನಡೆದು ಹೋಗಲಾರರು. ಅವರನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಹೋಗಿ ಬರುವುದು ಉಳವಪ್ಪನ ಪಾಲಿಗೆ ಬಂತು.

"ಉಳವಪ್ಪಾ, ನಿನ್ನ ಗಾಡ್ಯಾಗ ಕೂತರ ತೊಟ್ಟಲದಾಗ ಕೂತಂಗ ಆಗತದ ನೋಡು," ಎನ್ನುತ್ತಿದ್ದರು ಲೀಲಾಬಾಯಿ. ಗುಡಿಯಿಂದ ಬಂದಮೇಲೆ ಅಂಗೈಗೆ ಸಕ್ಕರೆ ಹಾಕುತ್ತಿದ್ದರು. ಆ ಶನಿವಾರಗಳಿಗೋಸ್ಕರ ಉಳವಪ್ಪ ಶುಕ್ರವಾರವೇ ವ್ಯಾನು ತೊಳೆದಿಡುತ್ತಿದ್ದ.

ಅಂಥ ಒಂದು ಶನಿವಾರ, ಪಾರ್ಕಿನ ತಿರುವಿನಲ್ಲಿ, ಅವನ ಎಡಗೈ ತನ್ನಷ್ಟಕ್ಕೆ ಅದುರಿತು. ಬಾಯಲ್ಲಿ ಕಬ್ಬಿಣ ಚೀಪಿದಂಥ ರುಚಿ. ಹೇಗೋ ಬ್ರೇಕು ತುಳಿದು ವ್ಯಾನನ್ನು ಬದಿಗೆ ನಿಲ್ಲಿಸಿ, ಸ್ಟೇರಿಂಗಿಗೆ ಹಣೆ ಹಚ್ಚಿ ಕುಳಿತ. ಆ ಅದುರು ಮುಂದೆ ಹೋಗಲಿಲ್ಲ, ಬಂದಂತೆ ಹಿಂದಕ್ಕೆ ಸರಿಯಿತು.

"ಯಾಕೋ, ಏನಾತು?" ಎಂದರು ಲೀಲಾಬಾಯಿ ಹಿಂದಿನ ಸೀಟಿನಿಂದ.

"ಏನಿಲ್ರಿ ಅಮ್ಮಾರ. ನಾಯಿ ಅಡ್ಡ ಬಂತು."

ಆ ದಿನ ಅವನ ಅಂಗೈಯ ಸಕ್ಕರೆ ಬೆವರಿಗೆ ಕರಗಿ ಅಂಟಿಕೊಂಡಿತು. ಮುಂದಿನ ಶನಿವಾರ ನೆವ ಹೇಳಿ ತಪ್ಪಿಸಿಕೊಂಡ. ಅದರ ಮುಂದಿನ ಶನಿವಾರ ಮತ್ತೆ ಹೋದ. ಹೋಗದಿದ್ದರೆ ವಾರದಲ್ಲಿ ಅವನ ಹೆಸರು ಹಿಡಿದು ಕರೆಯುವವರು ಯಾರೂ ಇರುತ್ತಿರಲಿಲ್ಲ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಪಾರ್ಕಿನ ಅದೇ ತಿರುವಿನಲ್ಲಿ ಅಪಘಾತವಾಯಿತು. ವ್ಯಾನಿನಿಂದಲ್ಲ. ರಾಯರ ಮಗ ಕೌಶಿಕ, ಬ್ಯಾಂಕಿನ ನೌಕರಿಗೆ ಆಯ್ಕೆಯಾಗಿ ಆದೇಶಕ್ಕೆ ಕಾಯುತ್ತಿದ್ದ ಹುಡುಗ, ಕಾರನ್ನು ಜೋರಾಗಿ ತಂದ. ಕಾಂಪೌಂಡಿನಾಚೆಯ ಹೊಲಮನೆಯ ಮುದಕವ್ವ ಮೆಂತೆ, ಹಕ್ಕರಕಿ ಸೊಪ್ಪು ತುಂಬಿದ ಬುಟ್ಟಿ ಹೊತ್ತು ಎದುರಿಗೆ ಬರುತ್ತಿದ್ದಳು. ಉಳವಪ್ಪ ತನ್ನ ವ್ಯಾನು ತಿರುಗಿಸಲೆಂದು ಸ್ವಲ್ಪ ದೂರದಲ್ಲಿ ನಿಂತಿದ್ದ. ಕಾರು ತಿರುವನ್ನು ಕತ್ತರಿಸಿ ತಪ್ಪು ಬದಿಗೆ ಬಂದದ್ದು, ಬುಟ್ಟಿ ಹಾರಿದ್ದು, ಮುದಕವ್ವ ಕೂಗದೆಯೇ ಬಿದ್ದದ್ದು, ಎಲ್ಲವನ್ನೂ ಕಂಡ.

ನೀಲಕಂಠರಾಯರು ಕೆಟ್ಟವರಲ್ಲ. ಓಡಿ ಬಂದು, ಅದೇ ಕಾರಿನಲ್ಲಿ ಮುದಕವ್ವನನ್ನು ಮಲಗಿಸಿ ತಾವೇ ದವಾಖಾನೆಗೆ ಒಯ್ದರು. ಮೊಣಕಾಲಿನ ಕೆಳಗೆ ಎಲುಬು ಚೂರಾಗಿತ್ತು. ಮೊದಲ ಖರ್ಚು ಅವರೇ ನೋಡಿಕೊಂಡರು. ಆದರೆ ಎಲುಬು ಕೂಡಲಿಲ್ಲ, ಮತ್ತೊಮ್ಮೆ ಆಪರೇಶನ್ ಮಾಡಬೇಕಾಯಿತು. ಆಮೇಲೆ ಡಾಕ್ಟರು, ಇನ್ನು ಬುಟ್ಟಿ ಹೊತ್ತು ತಿರುಗುವುದು ಆಗದು ಎಂದರು. ಮುದಕವ್ವನ ಮಗ ವಕೀಲರನ್ನು ಹಿಡಿದ. ಠಾಣೆಯಲ್ಲಿ ದೂರು ದಾಖಲಾಯಿತು, ಕೋರ್ಟಿನಲ್ಲಿ ಪರಿಹಾರದ ಅರ್ಜಿ ಬಿತ್ತು. ಆಗ ಕಾರಿನ ವಿಮೆಯ ಕಡೆಯ ವಕೀಲರು ಒಂದು ಮಾತು ಎತ್ತಿದರು: ಇದು ಖಾಸಗಿ ರಸ್ತೆ. ಸಾರ್ವಜನಿಕ ಸ್ಥಳವೇ ಅಲ್ಲ. ಇಲ್ಲಿ ನಡೆದದ್ದಕ್ಕೆ ಮೋಟಾರು ವಾಹನ ಕಾನೂನು ಹತ್ತುವುದಿಲ್ಲ.

ಆ ಮಾತು ಸಂಘದವರಿಗೆ ಹಿತವಾಯಿತು. ರಸ್ತೆ ಖಾಸಗಿ ಎಂದಾದರೆ ಕೌಶಿಕನ ಮೇಲಿನ ಕೇಸೂ ಸಡಿಲಾಗುತ್ತದೆ, ನೌಕರಿಗೆ ಅಡ್ಡಿ ಬರುವುದಿಲ್ಲ ಅಂತ ಯಾರೋ ಹೇಳಿದ್ದರು. ಬಿದ್ದ ಕಾಂಪೌಂಡನ್ನು ಒಂದು ವಾರದೊಳಗೆ ಕಟ್ಟಿಸಿದರು. ಗೇಟಿಗೆ ಕೀಲಿ ಬಂತು. ಇಲ್ಲಿ ಹೊರಗಿನವರು ಓಡಾಡುವುದೇ ಇಲ್ಲ ಅಂತ ಬಡಾವಣೆಯ ಎಲ್ಲರೂ ಒಂದೇ ಬಾಯಿಂದ ಹೇಳಬೇಕು ಎಂದಾಯಿತು.

ಉಳವಪ್ಪ ಒಂದು ಭಾನುವಾರ ಮುದಕವ್ವನನ್ನು ನೋಡಲು ಹೋದ. ಹೊಸ ಗೋಡೆಯಿಂದಾಗಿ ದೊಡ್ಡ ರಸ್ತೆಗೆ ಬಂದು, ಹೊಲದ ಬದುವಿನ ಮೇಲೆ ಸುತ್ತಿ ಹೋಗಬೇಕಾಯಿತು. ಅವಳು ಪತ್ರಾಸ ತಗಡಿನ ಚಪ್ಪರದ ಕೆಳಗೆ ಹೊರಸಿನ ಮೇಲೆ ಕುಳಿತು ಸೇಂಗಾ ಸುಲಿಯುತ್ತಿದ್ದಳು. ಕಾಲು ದಿಂಬಿನ ಮೇಲಿತ್ತು.

"ಯಪ್ಪಾ, ನೀ ಯಾಕ ಬಂದಿ ಇಷ್ಟ ದೂರ? ಕುಂಡರು," ಎಂದಳು.

ಅವನು ಕುಳಿತ. ಅವನೂ ಸೇಂಗಾ ಸುಲಿಯತೊಡಗಿದ.

"ನೀ ನೋಡೀದಿ ಅಂತ ನನ್ನ ಮಗ ಅಂತಾನ. ಸಾಕ್ಷಿಗೆ ಕರಸ್ತೀನಿ ಅನ್ನಾಕ ಹತ್ಯಾನ," ಎಂದಳು ಮುದಕವ್ವ. "ನಾ ಬ್ಯಾಡ ಅಂದೇನಿ. ನೀ ಅವರ ನಡುವ ಬಾಳೇವು ಮಾಡಾಂವ. ನಾವರ ಗ್ವಾಡಿ ಆಚೆ ಇರಾವ್ರು."

"ನಾ ನೋಡೇನಿ ಯವ್ವಾ," ಎಂದ ಉಳವಪ್ಪ.

"ನೋಡಿದ್ದಕ್ಕ ಏನಾತು? ದೇವರೂ ನೋಡ್ಯಾನ. ಅಂವಾ ಏನ್ ಕೋರ್ಟಿಗೆ ಬರತಾನೇನು?" ಅಂತ ಅವಳು ನಕ್ಕಳು. ಬರುವಾಗ ಬೇಡವೆಂದರೂ ಹಸಿ ಸೇಂಗಾ ಅವನ ಟವೆಲ್ಲಿಗೆ ಕಟ್ಟಿದಳು.

ಮನೆಗೆ ಬಂದಮೇಲೆ ಅವನಿಗೆ ಮುದಕವ್ವನ ಕಾಲಿಗಿಂತ ಹೆಚ್ಚಾಗಿ ಆ ತಿರುವು ಕಣ್ಣಿಗೆ ಕಟ್ಟಿತು. ಕೈ ಅದುರಿದ ದಿನ ಬ್ರೇಕು ಸಿಗದಿದ್ದರೆ? ಅಲ್ಲಿ ಬುಟ್ಟಿ ಹೊತ್ತು ಬರುತ್ತಿದ್ದವಳು ಅಂದೂ ಇವಳೇ ಇರಬಹುದಿತ್ತು. ಹಿಂದಿನ ಸೀಟಿನಲ್ಲಿ ಲೀಲಾಬಾಯಿ. ಕೌಶಿಕ ಹುಡುಗುಬುದ್ಧಿಯಿಂದ ಮಾಡಿದ್ದನ್ನು ತಾನು ತಿಳಿದೂ ತಿಳಿದೂ ದಿನಾ ಮಾಡುತ್ತಿದ್ದೆ. ಬೋರ್ಡಿನ ಹಿಂದೆ ಅವನೂ ಅಡಗಿದ್ದ, ತಾನೂ ಅಡಗಿದ್ದೆ.

ತಾಯಿ ಬೇಡವೆಂದರೂ ಮುದಕವ್ವನ ಮಗ ಸಾಕ್ಷಿಗಳ ಪಟ್ಟಿಯಲ್ಲಿ ಉಳವಪ್ಪನ ಹೆಸರು ಕೊಟ್ಟಿದ್ದ. ಕೋರ್ಟಿನ ಸಮನ್ಸು ಬಂದ ಸಂಜೆ ನೀಲಕಂಠರಾಯರು ತಾವೇ ಅವನ ಮನೆಗೆ ಬಂದರು. ಆ ಮನೆಯಲ್ಲಿ ಇದ್ದದ್ದು ಒಂದೇ ಕುರ್ಚಿ. ರಾಯರು ಕುಳಿತರು, ಉಳವಪ್ಪ ಬಾಗಿಲ ಚೌಕಟ್ಟಿಗೆ ಒರಗಿ ನಿಂತ.

"ಕೂಡ್ರಿ ಉಳವಪ್ಪ."

"ಇರಲ್ರಿ ರಾಯರ."

"ನನ್ನ ಮಗಾ ತಪ್ಪು ಮಾಡ್ಯಾನ. ಇಲ್ಲಾ ಅನ್ನೂದಿಲ್ಲ ನಾನು. ಮುದಕವ್ವಗ ನಾ ಕೈಲಾದಷ್ಟು ಮಾಡತೀನಿ. ಆದ್ರ ಹುಡುಗನ ಜೀವನಾ ಹಾಳಾಗಬಾರದು. ಕೋರ್ಟಿನ್ಯಾಗ ಒಂದ ಮಾತು ಕೇಳತಾರ, ಈ ರಸ್ತಾದಾಗ ಹೊರಗಿನ ಮಂದಿ ಅಡ್ಡ್ಯಾಡತಾರೇನು ಅಂತ. ಇಲ್ಲ ಅನ್ರಿ. ಅಷ್ಟ."

"ಅಡ್ಡ್ಯಾಡತಿದ್ರಲ್ರಿ. ದಿನಾ ಅಡ್ಡ್ಯಾಡತಿದ್ರು."

ರಾಯರು ಕುರ್ಚಿಯನ್ನು ಬಾಗಿಲ ಕಡೆಗೆ ಎಳೆದುಕೊಂಡರು. ಆಮೇಲೆ ದನಿ ತಗ್ಗಿಸಿ, "ನಿಮ್ಮ ವ್ಯಾನು ಗೇಟ್ ದಾಟಿ ಯಾಕ ಹೋಗೂದಿಲ್ಲ ಅಂತ ನಾ ಎಂದೂ ಕೇಳಿಲ್ಲ," ಎಂದರು. "ನನ್ನ ಅಂಗಡ್ಯಾಗ ನೀವು ಗುಳಿಗಿ ತಗೊಳ್ಳೂದಿಲ್ಲ, ಧಾರವಾಡದಿಂದ ತರತೀರಿ. ಯಾಕ ಅಂತನೂ ಕೇಳಿಲ್ಲ. ರಸ್ತಾ ಖಾಸಗಿ ಇದ್ರ ನಿಮಗೂ ಚಲೋ ಅದ. ಅಲ್ಲೇನು?"

ಅದು ಬೆದರಿಕೆಯೋ ಸಹಾಯವೋ ಉಳವಪ್ಪನಿಗೆ ತಿಳಿಯಲಿಲ್ಲ. ರಾಯರಿಗೂ ಪೂರ್ತಿ ತಿಳಿದಿರಲಿಕ್ಕಿಲ್ಲ. ಅವರ ಕಣ್ಣು ಒದ್ದೆಯಾಗಿತ್ತು.

"ಚಹಾ ಮಾಡತೇನ್ರಿ," ಎಂದ ಅವನು.

"ಬ್ಯಾಡ್ರಿ," ಅಂತ ರಾಯರು ಎದ್ದರು.

ಬೈಲಹೊಂಗಲದ ಕೋರ್ಟಿನಲ್ಲಿ ಅವನ ಸಾಕ್ಷಿ ಒಂದು ಮಧ್ಯಾಹ್ನ ನಡೆಯಿತು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋಗಿದ್ದ. ಮುದಕವ್ವನ ವಕೀಲರು ಕೇಳಿದ್ದಕ್ಕೆ ಕಂಡದ್ದನ್ನೆಲ್ಲ ಹೇಳಿದ. ಕಾರು ಯಾವ ಕಡೆಯಿಂದ ಬಂತು, ಹಾರ್ನ್ ಆಗಿತ್ತೋ ಇಲ್ಲವೋ, ಹಿಂದಿನ ಕಾಂಪೌಂಡು ಎಂದಿನಿಂದ ಬಿದ್ದಿತ್ತು, ಯಾರು ಯಾರು ಆ ದಾರಿಯಲ್ಲಿ ನಡೆಯುತ್ತಿದ್ದರು. ಬಡಾವಣೆಯ ಕೆಲವರು ಹಿಂದಿನ ಬೆಂಚಿನ ಮೇಲಿದ್ದರು. ಕೌಶಿಕ ತಲೆ ತಗ್ಗಿಸಿ ಗೋಡೆಗೆ ಹತ್ತಿ ನಿಂತಿದ್ದ.

ವಿಮೆಯ ಕಡೆಯ ವಕೀಲರು ಎದ್ದರು. ವಯಸ್ಸು ಕಡಿಮೆ, ಮಾತು ಮೃದು.

"ಅಂದು ನೀವು ಅಲ್ಲಿ ಹೇಗೆ ಇದ್ದಿರಿ?"

"ನನ್ನ ವ್ಯಾನ್ ತಿರುಗಿಸಾಕ ನಿಂತಿದ್ದೆರಿ."

"ವ್ಯಾನು ನೀವೇ ಓಡಿಸುತ್ತಿದ್ದಿರಾ?"

"ಹೌದ್ರಿ."

"ನಿಮ್ಮ ಬಳಿ ಲೈಸೆನ್ಸ್ ಇದೆಯೇ?"

ಉಳವಪ್ಪ ಕಟಕಟೆಯ ಕಟ್ಟಿಗೆ ಹಿಡಿದುಕೊಂಡ. "ಇಲ್ರಿ."

ಹಿಂದಿನ ಬೆಂಚಿನಲ್ಲಿ ಯಾರೋ ಮಿಸುಕಿದರು. ವಕೀಲರು ಮುಗುಳ್ನಕ್ಕರು. "ಇಷ್ಟು ವರ್ಷ ಬಸ್ ಓಡಿಸಿದವರು ನೀವು, ಕಾನೂನು ಗೊತ್ತು. ಲೈಸೆನ್ಸ್ ಇಲ್ಲದೆ ಅಲ್ಲಿ ಓಡಿಸುತ್ತಿದ್ದಿರಿ ಎಂದರೆ ಅದು ಖಾಸಗಿ ರಸ್ತೆ ಅಂತ ನೀವೇ ನಂಬಿದ್ದಿರಿ. ಸರಿ ತಾನೇ?"

ಹೂಂ ಅಂದರೆ ಮುಗಿಯುತ್ತಿತ್ತು. ಅವನಿಗೂ ಮುಗಿಯುತ್ತಿತ್ತು, ಕೌಶಿಕನಿಗೂ.

"ನಂಬಿದ್ದಿಲ್ರಿ ಸಾಹೇಬ್ರ. ನಂಬಿದಂಗ ಮಾಡಿದ್ದೆ," ಎಂದ ಉಳವಪ್ಪ. "ನನಗ ಮೂರ್ಛೆ ರೋಗ ಐತ್ರಿ. ಫಿಟ್ಸ್. ಗಾಡಿ ಹೊಡಿಬಾರ್ದು ಅಂತ ಡಾಕ್ಟರ್ ಹೇಳ್ಯಾರ. ಹೊರಗ ಹೊಡದ್ರ ಹಿಡೀತಾರ ಅಂತ ಒಳಗ ಹೊಡೀತಿದ್ದೆ. ಬೋರ್ಡ್ ಇತ್ತು ಖರೆ, ಆದ್ರ ಮಂದಿ ಬರತಿದ್ರು, ಹೋಗತಿದ್ರು. ಒಮ್ಮೆ ಅಲ್ಲೇ, ಆ ತಿರುವಿನ್ಯಾಗ, ನನಗ ಕೈ ಅದುರಿತ್ರಿ. ಯಾರರ ಸಾಯತಿದ್ರು. ಸಾಯಾವ್ರಿಗೆ ಖಾಸಗಿ ರಸ್ತಾ, ಸರಕಾರಿ ರಸ್ತಾ ಅಂತ ಏನೈತ್ರಿ?"

ನ್ಯಾಯಾಧೀಶರು ತಲೆಯೆತ್ತಿ ಅವನನ್ನು ನೋಡಿ, ಟೈಪ್ ಮಾಡುವವರಿಗೆ ನಿಧಾನವಾಗಿ ಬರೆಸಿದರು. ವಕೀಲರು ಮತ್ತೇನೂ ಕೇಳದೆ ಕುಳಿತರು.

ಹೊರಗೆ ಬೇವಿನ ಮರದ ಕೆಳಗೆ ಬಡಾವಣೆಯವರು ಗುಂಪಾಗಿ ನಿಂತಿದ್ದರು. ಅವನು ಬಂದಾಗ ದಾರಿ ಬಿಟ್ಟರು. ಯಾರೂ ಬೈಯಲಿಲ್ಲ. ಒಬ್ಬ ಹೆಣ್ಣುಮಗಳು ಮಾತ್ರ ಪಕ್ಕದವಳಿಗೆ, "ನಮ್ಮ ಹುಡುಗ್ರನ್ನ ಆ ವ್ಯಾನಿನ್ಯಾಗ ಕುಂಡ್ರಸ್ಕೊಂಡು ಅಡ್ಡ್ಯಾಡ್ಯಾನ ನೋಡ," ಅಂದದ್ದು ಕಿವಿಗೆ ಬಿತ್ತು. ಅವಳು ಅಂದದ್ದರಲ್ಲಿ ಸುಳ್ಳಿರಲಿಲ್ಲ.

ತೀರ್ಪು ಬಂದದ್ದು ಕೆಲವು ತಿಂಗಳ ಮೇಲೆ. ಜನ ದಿನವೂ ಅಡೆತಡೆಯಿಲ್ಲದೆ ನಡೆದಾಡುತ್ತಿದ್ದ ರಸ್ತೆಗೆ ಬೋರ್ಡು ಹಾಕಿದ ಮಾತ್ರಕ್ಕೆ ಅದು ಕಾನೂನಿನ ಹೊರಗೆ ಹೋಗುವುದಿಲ್ಲ ಅಂತ ನ್ಯಾಯಾಧೀಶರು ಬರೆದರು. ಮುದಕವ್ವನಿಗೆ ಪರಿಹಾರ ಸಿಕ್ಕಿತು. ಅವಳು ದೊಡ್ಡ ರಸ್ತೆಯ ಬದಿಗೆ ಒಂದು ಸಣ್ಣ ಕಾಯಿಪಲ್ಲೆ ಅಂಗಡಿ ಹಾಕಿಸಿ, ಕುರ್ಚಿಯ ಮೇಲೆ ಕುಳಿತು ಮಾರತೊಡಗಿದಳು. ಕೌಶಿಕ ತನ್ನ ಕೇಸಿನಲ್ಲಿ ತಪ್ಪು ಒಪ್ಪಿ ದಂಡ ಕಟ್ಟಿದ. ಅವನ ನೌಕರಿಯ ಆದೇಶ ತಡವಾಗಿಯಾದರೂ ಬಂತು. ಬಡಾವಣೆಯ ರಸ್ತೆಗಳು ಪುರಸಭೆಗೆ ಸೇರಿದವು. ತಿರುವಿನಲ್ಲಿ ಹಂಪು ಹಾಕಿದರು, ಕಂಬಕ್ಕೆ ವೇಗಮಿತಿಯ ಫಲಕ ಬಂತು. ಹೆಲ್ಮೆಟ್ ಇಲ್ಲದೆ ಹಾಲು ತರಲು ಹೊರಟವರೂ ಪೊಲೀಸರ ಕೈಗೆ ಸಿಕ್ಕಿಬೀಳತೊಡಗಿದರು. ಪ್ರತಿ ದಂಡಕ್ಕೂ ಜನ ಉಳವಪ್ಪನ ಮನೆಯ ಕಡೆ ನೋಡುತ್ತಿದ್ದರು.

ಅವನು ಸಾಕ್ಷಿ ಹೇಳಿದ ದಿನದಿಂದಲೇ ವ್ಯಾನಿನ ಕೀಲಿ ಮುಟ್ಟಿರಲಿಲ್ಲ. ಉಗರಗೋಳದಲ್ಲಿ ತೆಂಗಿನಕಾಯಿ, ಭಂಡಾರದ ಅಂಗಡಿ ಇಟ್ಟಿದ್ದ ಒಬ್ಬ ಬಂದು ಅದನ್ನು ಕೊಂಡ. ಒಯ್ಯುವಾಗ ಅವನು, "ಗೇಟಿನ ತನಕ ಬರ್ರಿ, ಗೇರ್ ಹೆಂಗದಾವ ತೋರಸ್ರಿ," ಎಂದ. ಉಳವಪ್ಪ ಪಕ್ಕದ ಸೀಟಿನಲ್ಲಿ ಕುಳಿತ. ತನ್ನ ವ್ಯಾನಿನ ಆ ಸೀಟಿನಲ್ಲಿ ಅವನು ಎಂದೂ ಕುಳಿತಿರಲಿಲ್ಲ. ಅಲ್ಲಿಂದ ನೋಡಿದರೆ ಬಡಾವಣೆ ಬೇರೆಯೇ ಕಾಣುತ್ತಿತ್ತು. ನೀಲಕಂಠರಾಯರ ಮನೆ ದಾಟುವಾಗ ಪಡಸಾಲೆಯಲ್ಲಿ ಲೀಲಾಬಾಯಿ ಕುಳಿತಿದ್ದರು. ವ್ಯಾನಿನ ಸಪ್ಪಳಕ್ಕೆ ಕತ್ತೆತ್ತಿದರು. ಅವನು ಕೈ ಮುಗಿದ. ಅವರ ಕೈ ಅರ್ಧ ಮೇಲೆದ್ದಿತು. ಒಳಗಿನಿಂದ ಯಾರೋ ಕರೆದರು, ಅವರು ಅತ್ತ ತಿರುಗಿದರು.

ಆಮೇಲಿನ ಭಾನುವಾರ ಉಳವಪ್ಪ ರಾಮದುರ್ಗಕ್ಕೆ ಹೋದ. ಹೇಳದೆ ಹೋದದ್ದು ಅದೇ ಮೊದಲು. ಬಸ್ಸಿನಲ್ಲಿ ಡ್ರೈವರಿನ ಹಿಂದಿನ ಸೀಟು ಖಾಲಿಯಿದ್ದರೂ ನಡುವೆ ಕಿಟಕಿಯ ಬದಿಗೆ ಕುಳಿತ. ಶೈಲಶ್ರೀ ಬಾಗಿಲು ತೆರೆದು, ಒಂದು ಗಳಿಗೆ ಹಾಗೇ ನಿಂತು, ಆಮೇಲೆ ಪಕ್ಕಕ್ಕೆ ಸರಿದಳು.

ಊಟಕ್ಕೆ ಬಡಿಸಿ ಎದುರಿಗೆ ಕುಳಿತಳು. "ಕೇಸಿನ ಸುದ್ದಿ ಕೇಳೇನಿ. ನಿಮ್ಮೂರಿನ ಟೀಚರ್ ಒಬ್ಬಾಕಿ ಹೇಳಿದ್ಲು," ಎಂದಳು. "ಖರೇನ ಎಲ್ಲಾರ ಮುಂದ ಹೇಳಿದ್ರಿ? ರೋಗದ ಹೆಸರು ತಗೊಂಡು?"

"ಹೂಂ. ಹೇಳಿದೆ."

"ನನ್ನ ಮುಂದ ಒಂದ ದಿನಾನೂ ಹೇಳಲಿಲ್ಲ ನೀವು. ನಾನು ಎಲ್ಲಾರನ್ನೂ ಕೇಳಬೇಕಾತು. ಡಾಕ್ಟರ್ನ, ನಿಮ್ಮ ಅಣ್ಣನ್ನ. ನೀವು ಮಾತ್ರ ಏನಿಲ್ಲ, ಏನಿಲ್ಲ ಅಂತಿದ್ರಿ. ಅದಕ್ಕ ನನಗ ಅಂಜಿಕಿ. ರೋಗಕ್ಕಲ್ಲ."

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. ಹೇಳಲು ಬಹಳ ಇತ್ತು. ವ್ಯಾನು, ಶನಿವಾರಗಳು, ಬಾಯಲ್ಲಿ ಬಂದ ಕಬ್ಬಿಣದ ರುಚಿ. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಕಡೆಗೆ, "ಈಗೂ ಬರತೈತಿ, ಒಮ್ಮೊಮ್ಮೆ. ಹೋದ ತಿಂಗಳ ಒಮ್ಮೆ ಬಂದಿತ್ತು," ಎಂದ.

"ಯಾರಿದ್ರು ಹತ್ರ?"

"ಯಾರೂ ಇದ್ದಿಲ್ಲ."

ಅವಳು ಎದ್ದು ಹೋಗಿ ಮಜ್ಜಿಗೆ ತಂದಳು. ಬಹಳ ಹೊತ್ತು ಲೋಟ ಅವಳ ಕೈಯಲ್ಲೇ ಇತ್ತು. ಇರಿ ಅಂತ ಅವಳು ಹೇಳಲಿಲ್ಲ, ಬಾ ಅಂತ ಅವನು ಕೇಳಲಿಲ್ಲ. ಹೊರಡುವಾಗ ಬಾಗಿಲವರೆಗೆ ಬಂದು, "ಮುಂದಿನ ಸಲ ಬರೂಮುಂದ ಫೋನ್ ಮಾಡ್ರಿ. ಬಸ್ ಸ್ಟ್ಯಾಂಡಿಗೆ ಬರತೇನಿ," ಎಂದಳು.

ಸವದತ್ತಿಯ ಮೇಲೆ ಹೋಗುವ ಬಸ್ಸು ತುಂಬಿತ್ತು. ಯಾರೋ ಸರಿದು ಜಾಗ ಕೊಟ್ಟರು. ಗುಡ್ಡದ ಕಡೆಯ ತಿರುವುಗಳು ಬಂದಾಗ ಅವನ ಬಲಗಾಲು ತನ್ನಷ್ಟಕ್ಕೆ ನೆಲವನ್ನು ಒತ್ತುತ್ತಿತ್ತು. ಪಕ್ಕದಲ್ಲಿ ಕುಳಿತವನು ಅದನ್ನು ನೋಡಿ, "ಯಾಕ್ರಿ, ಕಾಲು ಹಿಡದೈತೇನು?" ಅಂತ ಕೇಳಿದ.

"ಇಲ್ರಿ. ಡ್ರೈವರ್ ಇದ್ದೆ ಮೊದಲ," ಎಂದ ಉಳವಪ್ಪ.

"ಈಗ?"

"ಈಗ ಹೊಡಿಯೂದಿಲ್ರಿ. ಫಿಟ್ಸ್ ಅದಾವು ನನಗ."

ಆ ಮನುಷ್ಯ ಸ್ವಲ್ಪ ಆಚೆ ಸರಿದು ಕುಳಿತ. ಉಳವಪ್ಪ ಕಿಟಕಿಯ ಹೊರಗೆ ಬಿಳಿಜೋಳದ ಹೊಲಗಳನ್ನು ನೋಡುತ್ತ ಬಂದ.